ಪರದೆಯ ಮೇಲಿನ ಎರಡನೆಯ ಹೆಸರು

“ಬುದ್ಧಿ, ಮುಗಿದ ಕೆಲಸವನ್ನು ಮತ್ತೆ ತೆಗೆದು ನೋಡುವುದು ಶ್ರದ್ಧೆಯೋ, ಅಪನಂಬಿಕೆಯೋ?”

ಶಿಷ್ಯ ಸಿದ್ಧವೀರ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಮಠದ ಕಂಪ್ಯೂಟರ್ ಅವನ ಸುಪರ್ದಿಯಲ್ಲಿತ್ತು. ಅದರಲ್ಲಿರುವುದರ ನಕಲನ್ನು ಅವನು ಪ್ರತಿ ಸೋಮವಾರ ಬೇರೊಂದು ಹಾರ್ಡ್ ಡಿಸ್ಕಿಗೆ ತೆಗೆದು ಕಪಾಟಿನಲ್ಲಿಡುತ್ತಿದ್ದ. ಆ ಸೋಮವಾರ ಗುರುಗಳು, ನಕಲನ್ನು ತೆರೆದು ನೋಡಿದೆಯಾ ಎಂದು ಕೇಳಿದ್ದರು. ಅವನು ನೋಡಿರಲಿಲ್ಲ. ಕೆಲಸ ಪೂರ್ಣವಾಯಿತು ಎಂದು ಯಂತ್ರವೇ ತೋರಿಸುವಾಗ ನೋಡುವುದೇನಿದೆ ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಅದನ್ನು ಗುರುಗಳಿಗೆ ನೇರವಾಗಿ ಹೇಳಲಾಗದೆ ಪ್ರಶ್ನೆ ಮಾಡಿ ಕೇಳಿದ.

ಗುರುಗಳು ಅವನ ಜಾಣತನಕ್ಕೆ ನಗಲಿಲ್ಲ. ಕೂರಲು ಹೇಳಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಸರ್ವೆಯರ್ ಇದ್ದ. ಮೂವತ್ತಾರು ವರ್ಷ ಊರೂರಿನ ಹೊಲ ಅಳೆದವನು. ಅಳತೆಯಲ್ಲಿ ಅವನ ಮಾತೇ ಕಡೆಯ ಮಾತು. ಹೊಲದ ಸುತ್ತಲಿನ ಬದುಗಳನ್ನು ಅಳೆದು ನಕ್ಷೆ ಬರೆದ ಮೇಲೆ ಉಳಿದ ಸರ್ವೆಯರ್‌ಗಳು ಸರಪಳಿ ಸುತ್ತಿಕೊಂಡು ಹೊರಡುತ್ತಿದ್ದರು. ಈತ ಹೊರಡುತ್ತಿರಲಿಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ, ಹೊಲದ ನಡುವೆ ಅಡ್ಡಲಾಗಿ, ಇನ್ನೊಮ್ಮೆ ಸರಪಳಿ ಎಳೆಸುತ್ತಿದ್ದ. ನೆಲದ ಮೇಲೆ ಬಂದ ಉದ್ದ ನಕ್ಷೆಯ ಮೇಲಿನ ಉದ್ದಕ್ಕೆ ತಾಳೆಯಾದರೆ ಮಾತ್ರ ರುಜು ಹಾಕುತ್ತಿದ್ದ. ತಾಳೆಯಾಗದಿದ್ದರೆ ನಕ್ಷೆಯನ್ನು ಹರಿದು ಮೊದಲಿನಿಂದ ಅಳೆಯುತ್ತಿದ್ದ. ಬಿಸಿಲಿನಲ್ಲಿ ನಿಂತವರು ಗೊಣಗಿದರೆ, ಸುತ್ತ ಅಳೆಯುವುದು ಸರ್ಕಾರಕ್ಕೆ, ಅಡ್ಡ ಅಳೆಯುವುದು ನಿಮ್ಮ ಮಕ್ಕಳಿಗೆ ಎನ್ನುತ್ತಿದ್ದ.

ನಿವೃತ್ತನಾದ ಮೇಲೆ ಆತ ಮನೆಗೆ ಕಂಪ್ಯೂಟರ್ ತಂದ. ತಾನು ಅಳೆದ ಹೊಲಗಳ ನಕ್ಷೆಗಳನ್ನೆಲ್ಲ ಅದಕ್ಕೆ ಏರಿಸಿದ. ಊರಿಗೊಂದು ಫೋಲ್ಡರ್, ನಕ್ಷೆಗೊಂದು ನಂಬರು, ನಂಬರಿಗೊಂದು ತಾರೀಖು. ಒಮ್ಮೆ ಹೆಂಡತಿ ಮಗಳ ಮದುವೆಯ ಫೋಟೊ ಹುಡುಕಲು ಕುಳಿತು ಎರಡು ಊರುಗಳನ್ನು ಕಲಸಿಬಿಟ್ಟಳು. ಆತ ಬೈಯಲಿಲ್ಲ. ಕಂಪ್ಯೂಟರಿನಲ್ಲಿ ಆಕೆಗೆ ಬೇರೆ ಲಾಗಿನ್ ಮಾಡಿಕೊಟ್ಟ. ಅಂದಿನಿಂದ ಕಂಪ್ಯೂಟರ್ ಹಾಕಿದರೆ ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು. ಮೇಲಿನದು ಆತನದು. ಕೆಳಗಿನದು ಆಕೆಯದು. ಆಕೆ ತನ್ನ ಹೆಸರನ್ನು ಒತ್ತಿದರೆ ಆಕೆಯ ಕಡತಗಳು ಮಾತ್ರ ತೆರೆಯುತ್ತಿದ್ದವು. ಒಂದೇ ಮನೆಯಲ್ಲಿ ಒಲೆ ಬೇರೆ ಮಾಡಿದ ಹಾಗಾಯಿತು ಎಂದು ಆಕೆ ನಕ್ಕಳು. ಬದು ನೆಟ್ಟಗಿದ್ದರೆ ಜಗಳವಿಲ್ಲ ಎಂದು ಆತನೂ ನಕ್ಕ.

ನಕಲು ಇಡಬೇಕೆಂಬುದು ಆತನಿಗೆ ಗೊತ್ತಿತ್ತು. ಅದಕ್ಕೆಂದು ಬೇರೆಯ ಹಾರ್ಡ್ ಡಿಸ್ಕ್ ತಂದ. ನಕಲು ತೆಗೆಯುವ ಪ್ರೋಗ್ರಾಮನ್ನು ಕೂರಿಸಿದ. ಅದು ಕೇಳಿದ ಪ್ರಶ್ನೆಗಳಿಗೆಲ್ಲ ಒಮ್ಮೆ ಉತ್ತರ ಕೊಟ್ಟು ಮುಗಿಸಿದ. ಮುಂದೆ ಪ್ರತಿ ಶುಕ್ರವಾರ ಬೆಳಿಗ್ಗೆ ಸ್ನಾನವಾದ ಕೂಡಲೇ ಡಿಸ್ಕನ್ನು ಸಿಕ್ಕಿಸುತ್ತಿದ್ದ. ಕಾಫಿ ಮುಗಿಯುವಷ್ಟರಲ್ಲಿ ಕೆಲಸ ಪೂರ್ಣವಾಯಿತು ಎಂದು ಪರದೆ ತೋರಿಸುತ್ತಿತ್ತು. ಆತ ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುತ್ತಿದ್ದ. ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡುತ್ತಿದ್ದ. ಏಳು ವರ್ಷ ಒಂದು ಶುಕ್ರವಾರವೂ ತಪ್ಪಲಿಲ್ಲ.

ಏಳನೆಯ ವರ್ಷ ಹೆಂಡತಿಯ ಗಂಟಲಿನಲ್ಲಿ ಗಂಟು ಕಾಣಿಸಿತು. ವೈದ್ಯರು ಪರೀಕ್ಷೆ ಮಾಡಿ, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು. ಆಪರೇಷನ್ನಿಗೆ ಐದು ವಾರ ಇತ್ತು.

ಆಗ ಅವರ ಒಬ್ಬಳೇ ಮಗಳು ಬಸುರಿ. ಆ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಪದವನ್ನು ತಾಯಿಯ ತಾಯಿಯೇ ಹೇಳಬೇಕು. ಆಕೆ ಹೇಳಿದ ಮೇಲೆಯೇ ಉಳಿದ ಹೆಂಗಸರು ಬಾಯಿ ತೆರೆಯಬೇಕು. ಆ ಪದಗಳು ಎಲ್ಲಿಯೂ ಬರೆದಿಟ್ಟವಲ್ಲ. ಆಕೆಗೆ ಆಕೆಯ ತಾಯಿಯಿಂದ, ತಾಯಿಗೆ ಅಜ್ಜಿಯಿಂದ ಬಂದವು. ಇನ್ನೂ ಒಂದು ಕಟ್ಟು ಇತ್ತು. ಮಗು ಹುಟ್ಟುವ ಮೊದಲು ತೊಟ್ಟಿಲ ಪದ ಬಸುರಿಯ ಕಿವಿಗೆ ಬೀಳಬಾರದು.

ಆಕೆ ಒಂದು ಮೈಕ್ ತರಿಸಿಕೊಂಡಳು. ದಿನವೂ ಮಗಳು ಮಲಗಿದ ಮಧ್ಯಾಹ್ನ ಕೋಣೆಯ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ದನಿ ಆಗಲೇ ಒರಟಾಗಿತ್ತು. ನಡುವೆ ನೀರು ಕುಡಿದು, ತಡೆದು, ಹಾಡುತ್ತಿದ್ದಳು. ಹಾಡಿದ್ದನ್ನು ತನ್ನ ಹೆಸರಿನ ಕೆಳಗೆ ಇಡುತ್ತಿದ್ದಳು. ಯಾರಿಗೂ ಕೇಳಿಸಲಿಲ್ಲ, ಯಾರಿಗೂ ಕಳುಹಿಸಲಿಲ್ಲ. ಮೊದಲು ಕೇಳಬೇಕಾದದ್ದು ತೊಟ್ಟಿಲಲ್ಲಿನ ಮಗು ಎಂದಳು. ಗಂಡನೂ ಅದನ್ನು ಒಪ್ಪಿದ. ಪದ್ಧತಿಯನ್ನು ಮುರಿಯುವವನಲ್ಲ ಆತ.

ಆಸ್ಪತ್ರೆಗೆ ಹೊರಡುವ ದಿನ ಶುಕ್ರವಾರವಾಗಿತ್ತು. ಆಟೊ ಬಾಗಿಲಿಗೆ ಬಂದು ನಿಂತಿತ್ತು. ಆತ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದ. ಆಕೆ ಚೀಲ ಹಿಡಿದು ಬಂದು ಹಿಂದೆ ನಿಂತಳು.

“ರೀ, ನಂದೂ ಅದ್ರೊಳಗೆ ಬಂದಿದೆಯಾ, ಒಂದೇ ಒಂದು ಪದ ತೆಗೆದು ನೋಡಿ. ಊರೋರ ಹೊಲಾನೆಲ್ಲ ಅಡ್ಡ ಅಳೆದೋರು, ಮನೇದು ಒಂದು ಅಡ್ಡ ಅಳೆದ್ರೆ ಕೈ ಸವೆಯುತ್ತಾ?”

ಆಕೆ ತಮಾಷೆಯಾಗಿಯೇ ಹೇಳಿದ್ದು. ಆದರೆ ಏಳು ವರ್ಷದ ಕೆಂಪು ಗುರುತುಗಳ ಮುಂದೆ ನಿಂತಿದ್ದ ಆತನಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ.

“ಪೂರ್ತಿ ಆಯ್ತು ಅಂತ ಅದೇ ಹೇಳ್ತಿದೆ. ನನ್ನ ಕೆಲಸಾನ ನೀನು ತಿದ್ದಬೇಡ. ನಡಿ, ಆಟೊ ಕಾಯ್ತಿದೆ.”

ಆಕೆ ನಡೆದಳು. ಅದಾದ ಮೇಲೆ ಆಕೆ ಗಂಡನನ್ನು ಬಾಯಿಬಿಟ್ಟು ಏನನ್ನೂ ಕೇಳಲಿಲ್ಲ. ಸಂಜೆಯವರೆಗೆ ದಾದಿಯರ ಜೊತೆ ನಾಲ್ಕು ಮಾತಾಡಿದಳಂತೆ. ಮರುದಿನ ಬೆಳಿಗ್ಗೆ ಆಪರೇಷನ್ ಆಯಿತು.

ಮನೆಗೆ ಬಂದವಳು, ಉಸಿರಾಡಲೆಂದು ಕೊರಳಿನಲ್ಲಿ ಮಾಡಿದ್ದ ತೂತಿನ ಮೇಲೆ ತೆಳು ಬಟ್ಟೆ ಕಟ್ಟಿಕೊಂಡು, ಒಂದು ಸ್ಲೇಟು ಇಟ್ಟುಕೊಂಡಳು. ಹೇಳಬೇಕಾದದ್ದನ್ನು ಬಳಪದಲ್ಲಿ ಬರೆದು ತೋರಿಸುತ್ತಿದ್ದಳು. ಉಪ್ಪು ತನ್ನಿ. ಮಗಳು ಉಂಡಳಾ. ಅಷ್ಟೇ. ದಿನಗಳು ಕಳೆದವು. ಹೆಣ್ಣು ಮಗು ಹುಟ್ಟಿತು. ಆಕೆ ಸ್ಲೇಟಿನಲ್ಲಿ ತೊಟ್ಟಿಲಿನ ದಿನವನ್ನು ಬರೆದು ಗೋಡೆಗೆ ಒರಗಿಸಿ ಇಟ್ಟಳು. ದಿನವೂ ಅದನ್ನು ನೋಡುತ್ತಿದ್ದಳು. ಬೇರೆ ಮಾತಿಗೆ ಕಾಗದ ಹಿಡಿದಳು, ಆ ಸ್ಲೇಟನ್ನು ಅಳಿಸಲಿಲ್ಲ.

ತೊಟ್ಟಿಲಿಗೆ ನಾಲ್ಕು ದಿನ ಇರುವಾಗ ಕಂಪ್ಯೂಟರ್ ಕರಕರ ಸದ್ದು ಮಾಡಿ ನಿಂತಿತು. ಮಗಳು ಗಾಬರಿಯಾದಳು. ಸರ್ವೆಯರ್ ಗಾಬರಿಯಾಗಲಿಲ್ಲ. ಇಂಥ ದಿನಕ್ಕೆಂದೇ ನಕಲು ಇಟ್ಟದ್ದು ಎಂದ. ಯಂತ್ರವನ್ನು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದ. ಅಂಗಡಿಯವನು ಬಿಚ್ಚಿ ನೋಡಿ, ಒಳಗಿನ ಡಿಸ್ಕ್ ಹೋಗಿದೆ, ಹೊಸದು ಹಾಕಬೇಕು ಎಂದ. ಹಳೆಯದರಲ್ಲಿ ಬೇಕಾದದ್ದೇನಾದರೂ ಇದ್ದರೆ ಪಟ್ಟಣಕ್ಕೆ ಕಳುಹಿಸೋಣ, ಸ್ವಲ್ಪವಾದರೂ ಸಿಗಬಹುದು ಎಂದೂ ಹೇಳಿದ. ಆತ ಬೇಡವೆಂದ. ಎಲ್ಲದಕ್ಕೂ ನಕಲಿದೆ, ಅದನ್ನು ಎಸೆ ಎಂದ. ಅಂಗಡಿಯವನು ಗುಜರಿಯ ಡಬ್ಬಕ್ಕೆ ಹಾಕಿದ.

ತೊಟ್ಟಿಲಿನ ದಿನ ಬೆಳಿಗ್ಗೆ ಕಂಪ್ಯೂಟರ್ ಬಂತು. ನಡುಮನೆಯಲ್ಲಿ ತೊಟ್ಟಿಲು ಕಟ್ಟಿದ್ದರು. ಅದರ ಪಕ್ಕದಲ್ಲೇ ಮೇಜು ಹಾಕಿ, ದೊಡ್ಡ ಸ್ಪೀಕರ್ ಇಟ್ಟು, ಆತ ಬೀರುವಿನಿಂದ ಡಿಸ್ಕ್ ತಂದು ಸಿಕ್ಕಿಸಿದ. ನಕಲು ಯಂತ್ರಕ್ಕೆ ಇಳಿಯತೊಡಗಿತು. ಹೆಂಗಸರು ಸುತ್ತ ಕುಳಿತು ಕಾದರು. ಒಬ್ಬ ಮುದುಕಿ, ಇನ್ನೂ ಸ್ವಲ್ಪ ತಡ ಮಾಡಿದರೆ ಕೂಸು ತಾನೇ ಎದ್ದು ಹಾಡಿಕೊಳ್ಳುತ್ತದಪ್ಪ ಎಂದು ಸರ್ವೆಯರನನ್ನು ಕೆಣಕಿದಳು. ಎಲ್ಲರೂ ನಕ್ಕರು. ಆತನೂ ನಕ್ಕ. ಕೆಲಸ ಪೂರ್ಣವಾಯಿತು ಎಂದು ಪರದೆ ತೋರಿಸಿತು.

ಆತ ಯಂತ್ರವನ್ನು ಆರಿಸಿ ಮತ್ತೆ ಹಾಕಿ, ಕುರ್ಚಿ ಬಿಟ್ಟು ಎದ್ದು ಹೆಂಡತಿಯನ್ನು ಕೂರಿಸಿದ. ಅದು ಆಕೆಯ ಹಕ್ಕು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಮೌಸ್ ಹಿಡಿದಳು. ಅಭ್ಯಾಸದಂತೆ ಕೈಯನ್ನು ಎರಡನೆಯ ಹೆಸರಿನತ್ತ ಇಳಿಸಿದಳು. ಪರದೆಯ ಮೇಲೆ ಒಂದೇ ಹೆಸರಿತ್ತು.

ಹೆಸರು ಆಮೇಲೆ ಸೇರಿಸಬಹುದು, ಕಡತಗಳು ಎಲ್ಲಿ ಹೋಗುತ್ತವೆ ಎಂದು ಆತ ಡಿಸ್ಕನ್ನೇ ತೆರೆದ. ಏಳು ವರ್ಷದಲ್ಲಿ ಅದನ್ನು ತೆರೆದದ್ದು ಅದೇ ಮೊದಲು. ಒಳಗೆ ಒಂದು ಫೋಲ್ಡರ್ ಇತ್ತು. ಅದರ ಮೇಲೆ ಆತನ ಹೆಸರಿತ್ತು. ಅದರೊಳಗೆ ಊರುಗಳಿದ್ದವು, ಊರುಗಳೊಳಗೆ ಹೊಲಗಳಿದ್ದವು. ಎರಡು ಸಾವಿರಕ್ಕೂ ಮೇಲಿದ್ದ ನಕ್ಷೆಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಆತ ಮೇಲಿನಿಂದ ಕೆಳಗೆ ನೋಡಿದ. ಮತ್ತೆ ಮೇಲಿನಿಂದ ನೋಡಿದ. ಹೆಂಡತಿಯದು ಏನೂ ಇರಲಿಲ್ಲ.

ಅಳಿಯ ಹತ್ತಿರ ಬಂದು, ಎಷ್ಟು ಪದ ಇದ್ದವು ಮಾವ ಎಂದು ಮೆಲ್ಲಗೆ ಕೇಳಿದ. ಹೊಲದ ಅಂಗುಲಕ್ಕೂ ಲೆಕ್ಕ ಹೇಳುತ್ತಿದ್ದವನಿಗೆ ಅದು ಗೊತ್ತಿರಲಿಲ್ಲ. ಹೆಂಡತಿ ಗೋಡೆಗೆ ಒರಗಿದ್ದ ಸ್ಲೇಟನ್ನು ತೆಗೆದುಕೊಂಡಳು. ತೊಟ್ಟಿಲಿನ ತಾರೀಖನ್ನು ಅಂಗೈಯಿಂದ ಅಳಿಸಿದಳು. ಅಲ್ಲಿ ಮೂವತ್ತೊಂದು ಎಂದು ಬರೆದಳು.

ಆತ ಚಪ್ಪಲಿಯನ್ನೂ ಮೆಟ್ಟದೆ ಅಂಗಡಿಗೆ ಓಡಿದ. ಗುಜರಿಯವನು ಹಿಂದಿನ ದಿನವೇ ಬಂದು ಹೋಗಿದ್ದ. ಎತ್ತ ಹೋದ ಎಂದು ಅಂಗಡಿಯವನಿಗೆ ತಿಳಿದಿರಲಿಲ್ಲ.

ತಿರುಗಿ ಬಂದಾಗ ಮನೆಯಲ್ಲಿ ಸದ್ದಿರಲಿಲ್ಲ. ಮಗು ತೊಟ್ಟಿಲಲ್ಲಿತ್ತು. ಹೊತ್ತು ಮೀರುತ್ತದೆ, ಯಾರಾದರೂ ಶುರು ಮಾಡಿ ಎಂದು ಮಗಳೇ ಹೇಳಿದ್ದಳು. ಯಾರೂ ಮಾಡಿರಲಿಲ್ಲ. ಕಡೆಗೆ ಅಜ್ಜಿ ಎದ್ದು ತೊಟ್ಟಿಲ ಹಗ್ಗ ಹಿಡಿದಳು. ತೂಗುತ್ತ ತುಟಿ ಆಡಿಸಿದಳು. ಮಗು ಆಕೆಯ ಮುಖವನ್ನೇ ನೋಡುತ್ತಿತ್ತು. ಕೊರಳಿಗೆ ಕಟ್ಟಿದ ಬಟ್ಟೆಯ ಹಿಂದಿನಿಂದ ಉಸಿರು ಮಾತ್ರ ಬರುತ್ತಿತ್ತು. ಕೆಣಕಿದ್ದ ಮುದುಕಿ ತಲೆ ತಗ್ಗಿಸಿದಳು. ಆ ತುಟಿ ಪೂರ್ತಿ ನಿಲ್ಲುವವರೆಗೆ ಹೆಂಗಸರು ಕಾದರು. ಆಮೇಲೆ ತಮಗೆ ಬರುವ ಬೇರೆ ಯಾವುದೋ ಪದ ಹೇಳಿದರು. ಸರ್ವೆಯರ್ ಹೊಸಿಲಿನಾಚೆಯೇ ನಿಂತಿದ್ದ. ಹೆಂಡತಿ ಹಾಡಿದ್ದು ಯಾವ ಪದ ಎಂದು ಆತನಿಗೆ ತಿಳಿಯಲಿಲ್ಲ.

ಆಮೇಲೆ ಆತ ಆಕೆಯ ಮುಂದೆ ಒಂದು ನೋಟುಬುಕ್ಕು ಇಟ್ಟು, ಮಾತುಗಳನ್ನಾದರೂ ಬರೆದುಕೊಡು ಎಂದು ಬೇಡಿದ. ಆಕೆ ಬರೆದಳು. ಮೂವತ್ತೊಂದನ್ನೂ ಬರೆದಳು. ಮಗಳು ಒಂದನ್ನು ಓದಿ ಹಾಡಲು ನೋಡಿದಳು. ಎರಡನೆಯ ಸಾಲಿಗೆ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂದು ತಾಯಿಯ ಕಡೆ ತಿರುಗಿದಳು. ತಾಯಿ ಕೈ ಆಡಿಸಿ ತೋರಿಸಿದಳು, ಮತ್ತೆ ತೋರಿಸಿದಳು, ಆಮೇಲೆ ಕೈಯನ್ನು ಮಡಿಲಿಗೆ ಹಾಕಿಕೊಂಡಳು.

ಆಕೆ ಗಂಡನನ್ನು ಒಂದು ದಿನವೂ ದೂರಲಿಲ್ಲ. ದೂರಿ ಬರೆಯಲು ಸ್ಲೇಟಿತ್ತು, ಬರೆಯಲಿಲ್ಲ.

ಆತ ಕಂಪ್ಯೂಟರಿನಲ್ಲಿ ಎರಡನೆಯ ಹೆಸರನ್ನು ಮತ್ತೆ ಸೇರಿಸಿದ. ಈಗಲೂ ಪ್ರತಿ ಶುಕ್ರವಾರ ನಕಲು ತೆಗೆಯುತ್ತಾನೆ. ಪೂರ್ಣವಾಯಿತು ಎಂದು ಬಂದ ಮೇಲೆ ಏಳುವುದಿಲ್ಲ. ಡಿಸ್ಕನ್ನು ತೆರೆದು ತನ್ನದನ್ನು ನೋಡುತ್ತಾನೆ. ಆಮೇಲೆ ಆಕೆಯದನ್ನು ತೆರೆಯುತ್ತಾನೆ. ಅದು ಖಾಲಿ ಇರುತ್ತದೆ. ಇಲ್ಲಿಯೂ ಖಾಲಿ, ಅಲ್ಲಿಯೂ ಖಾಲಿ. ತಾಳೆಯಾಯಿತು ಎಂದು ಮುಚ್ಚುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಸರ್ವೆಯರನ ಮೇಲೆ ಸಿದ್ಧವೀರನಿಗೆ ಕನಿಕರ ಬಂದಿತ್ತು. ತಪ್ಪನ್ನು ಬೇರೆ ಎಲ್ಲಾದರೂ ಇಡಬೇಕೆನಿಸಿತ್ತು.

“ಹಾಗಾದ್ರೆ ಬುದ್ಧಿ, ಪೂರ್ಣವಾಯಿತು ಅಂತ ಏಳು ವರ್ಷ ಹೇಳಿದ ಆ ಯಂತ್ರ ಸುಳ್ಳು ಹೇಳಿತಲ್ಲವೇ?”

“ಇಲ್ಲಪ್ಪ, ಯಾರ ಯಾರದನ್ನು ಕಾಯಬೇಕು ಎಂದು ಅದು ಮೊದಲ ದಿನವೇ ಕೇಳಿತ್ತು, ಆತ ತನ್ನ ಹೆಸರೊಂದನ್ನೇ ಹೇಳಿದ್ದ.”