ಗೋಡೆ ದಾಟಿದ ಕಲ್ಲು

"ನೆಲ್ಲಿಕೋಟೆಯ ದೊರೆಯ ಅಪ್ಪಣೆ! ರಾಜಕುಮಾರಿ ಹೊನ್ನಲೆ ಕೇಳುವ ಮೂರು ಒಗಟು ಬಿಡಿಸಿದವನಿಗೆ ಹನ್ನೆರಡು ಹಳ್ಳಿ, ಜೊತೆಗೆ ಬೇಡಿದ್ದೊಂದು ವರ. ತಪ್ಪಿದವನ ತಲೆ ಅಮಾವಾಸ್ಯೆಗೆ ಹೋಗುತ್ತದೆ, ಕಲ್ಲುಕುಟಿಗ ಮಂಚೋಜನ ತಲೆಯ ಜೊತೆಗೇ!"

ಡಂಗುರದವನು ಕೊನೆಯ ಮಾತನ್ನು ಕೊಸರು ಹಾಕಿದಂತೆ ಕೂಗಿ ಮುಂದಿನ ಬೀದಿಗೆ ಹೋದ. ಜೋಳದ ಹೊಲದಲ್ಲಿ ಹಕ್ಕಿ ಕಾಯುವ ದುರುಗನಿಗೆ ಕೇಳಿಸಿದ್ದು ಆ ಕೊಸರೊಂದೇ.

ಎಂಟು ದಿನದ ಹಿಂದೆ ಅರಮನೆಯ ಅಂಗಳಕ್ಕೆ ಹಾರಿಬಂದ ಕಲ್ಲೊಂದು, ಹೊನ್ನಲೆಯನ್ನು ಸಾಕಿದ ದಾದಿ ದ್ಯಾವಮ್ಮನ ತಲೆಗೆ ಬಿದ್ದಿತ್ತು. ಮುದುಕಿ ಅಲ್ಲೇ ಸತ್ತಳು. ಆ ಹೊತ್ತಿಗೆ ಕೋಟೆಗೋಡೆಯ ಮೇಲಿದ್ದವನು ಮಂಚೋಜ. ಕೈಯಲ್ಲಿ ಕಲ್ಲೂ ಇತ್ತು. ಕಲ್ಲುಕುಟಿಗನ ಕೈಯಲ್ಲಿ ಮತ್ತೇನು, ಹೋಳಿಗೆ ಇರುತ್ತದೆಯೇ? ಮಂತ್ರಿಗೆ ಮಾತ್ರ ಅಷ್ಟು ಸಾಕಾಯಿತು.

ನಿಜ ಗೊತ್ತಿದ್ದವನು ದುರುಗ. ಕೋಟೆಯ ಮಗ್ಗುಲ ಹೊಲದವರು ಕವಣೆಗೆ ಕಲ್ಲು ಹಾಕುವಂತಿಲ್ಲ. ಬಿದ್ದಲ್ಲಿ ಪುಡಿಯಾಗುವ ಮಣ್ಣುಂಡೆ ಮಾತ್ರ. ಅಂದು ಸೋನೆಮಳೆಗೆ ಉಂಡೆಗಳೆಲ್ಲ ಕರಗಿ ಮುದ್ದೆಯಾಗಿದ್ದವು. ಗಿಳಿಗಳು ತೆನೆಗೆ ಎರಗಿದ್ದವು. 'ಒಂದೇ ಒಂದು' ಅಂದುಕೊಂಡು ಕಾಲಬುಡದ ಕಲ್ಲೆತ್ತಿ ಬೀಸಿದ್ದ. ಗಿಳಿಗೆ ತಾಗಲಿಲ್ಲ. ಆಮೇಲೆ ಗೋಡೆಯಾಚೆಯಿಂದ ಅಳು ಕೇಳಿತ್ತು. ಅಂದಿನಿಂದ ಅವನಿಗೆ ರೊಟ್ಟಿ ಇಳಿದಿರಲಿಲ್ಲ. ಹೋಗಿ ಹೇಳುವುದಕ್ಕೆ ಕಾಲೂ ಬಂದಿರಲಿಲ್ಲ.

ಡಂಗುರವಾಗಿ ಮೂರು ದಿನಕ್ಕೆ ಒಗಟಿನ ಸಭೆ ಸೇರಿತು. ದುರುಗ ಸಭೆಯ ಹಿಂಬದಿಯಲ್ಲಿ ಕಂಬಕ್ಕೆ ಒರಗಿ ನಿಂತ.

"ಗೋಡೆಯ ತುದಿಯಿಂದ ಒಂದು ಕಲ್ಲನ್ನು ಸುಮ್ಮನೆ ಕೈಬಿಡುತ್ತೇನೆ. ಅದೇ ಗಳಿಗೆಗೆ ಇನ್ನೊಂದನ್ನು ನೇರ ಅಡ್ಡಕ್ಕೆ ಎಸೆಯುತ್ತೇನೆ. ಮೊದಲು ನೆಲ ಮುಟ್ಟುವುದು ಯಾವುದು?" ಎಂದಳು ಹೊನ್ನಲೆ.

ದಳವಾಯಿಯ ಮಗ ಮೀಸೆ ತಿರುವಿದ. "ಇದೂ ಒಂದು ಒಗಟೇ? ಕೈಬಿಟ್ಟದ್ದು. ಇನ್ನೊಂದಕ್ಕೆ ದಾರಿ ದೂರ."

ಕಾವಲಿನವರು ಗೋಡೆ ಹತ್ತಿ ಮಾಡಿ ತೋರಿಸಿದರು. ಎರಡು ಕಲ್ಲಿಗೆ ಒಂದೇ ಸದ್ದು. ಮೀಸೆಯನ್ನು ಸೆರೆಮನೆಗೆ ಒಯ್ದರು.

ಮುಂದೆ ಬಂದ ಶಾಸ್ತ್ರಿ, "ಎರಡೂ ಒಟ್ಟಿಗೆ" ಎಂದು ಆಗತಾನೇ ಕಂಡದ್ದನ್ನು ಗಂಭೀರವಾಗಿ ಹೇಳಿದ. ಹೊನ್ನಲೆ ನಗಲಿಲ್ಲ. "ಓರೆಯಾಗಿ ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆಗ ಅದು ಏನು ಮಾಡುತ್ತಿರುತ್ತದೆ?"

"ನಿಂತು ದಣಿವಾರಿಸಿಕೊಳ್ಳುತ್ತದೆ, ತಾಯಿ."

"ನಿಂತ ಕಲ್ಲು ನೆಟ್ಟಗೆ ಕೆಳಕ್ಕೆ ಬೀಳಬೇಕಲ್ಲ, ಶಾಸ್ತ್ರಿಗಳೇ? ಯಾವತ್ತಾದರೂ ಬಿದ್ದದ್ದುಂಟೇ?"

ಶಾಸ್ತ್ರಿಯೂ ಹೋದ. ಆಮೇಲೆ ಯಾರೂ ಏಳಲಿಲ್ಲ. ದುರುಗನ ಕಾಲು ತಾನಾಗಿ ಮುಂದೆ ಬಂತು.

"ನೀನ್ಯಾರಪ್ಪ?" ಎಂದ ಮಂತ್ರಿ. "ತಲೆ ಭಾರವಾಯಿತೇ?"

"ಆಗಿದೆ ಬುದ್ಧಿ," ಎಂದ ದುರುಗ. ಹೊನ್ನಲೆಯ ಕಡೆ ತಿರುಗಿದ. "ಕಲ್ಲಿನೊಳಗೆ ಇಬ್ಬರು ಓರಗಿತ್ತಿಯರಿದ್ದಾರೆ, ತಾಯಿ. ಒಬ್ಬಳದು ಮುಂದಕ್ಕೆ ನಡೆಯುವ ಕೆಲಸ. ಕೊನೇತನಕ ಒಂದೇ ನಡಿಗೆ. ಇನ್ನೊಬ್ಬಳದು ಏರಿಳಿಯುವ ಕೆಲಸ. ಏರುತ್ತ ಸೋಲುತ್ತಾಳೆ, ಇಳಿಯುತ್ತ ಓಡುತ್ತಾಳೆ. ಒಂದೇ ಮನೆ, ಒಬ್ಬಳ ಕೆಲಸಕ್ಕೆ ಇನ್ನೊಬ್ಬಳು ಕೈಹಾಕುವುದಿಲ್ಲ. ಅದಕ್ಕೇ ಎರಡೂ ಕಲ್ಲು ಒಟ್ಟಿಗೆ ಬಿದ್ದವು: ಮುಂದೆ ಹೋದರೆ ಬೀಳುವುದೇನೂ ತಡವಾಗದು. ತುದಿಯಲ್ಲಿ ಏರುವವಳು ಒಂದು ಕ್ಷಣ ಸುಮ್ಮನಾದರೂ ನಡೆಯುವವಳು ನಡೆಯುತ್ತಲೇ ಇರುತ್ತಾಳೆ. ಇಬ್ಬರೂ ಕೂಡಿ ನಡೆದ ದಾರಿಯೇ ಕಲ್ಲು ಹಾರುವಾಗ ಕಾಣುವ ಆ ಬಾಗು."

ಸಭೆಯಲ್ಲಿ ಓರಗಿತ್ತಿಯರಿದ್ದ ಹೆಂಗಸರೆಲ್ಲ ತಲೆದೂಗಿದರು.

ಹೊನ್ನಲೆಯ ದನಿ ಸಣ್ಣದಾಯಿತು. "ಮೂರನೆಯದು. ನಾನು ಕಣ್ಣಾರೆ ಕಂಡದ್ದು. ಗೋಡೆಯ ನೆತ್ತಿಯಲ್ಲಿ ಕಲ್ಲು ಏರದೆ, ಇಳಿಯದೆ ಅಡ್ಡಕ್ಕೆ ಬರುತ್ತಿತ್ತು. ಗೋಡೆಯಿಂದ ಅರವತ್ತು ಹೆಜ್ಜೆ ಒಳಗೆ ಬಿತ್ತು. ಎಸೆದವನು ನಿಂತದ್ದೆಲ್ಲಿ?"

ದುರುಗ ಒಮ್ಮೆ ಗೋಡೆಯ ಕಡೆ ನೋಡಿದ. "ಎರಡು ಜಾಗ ಉಂಟು, ತಾಯಿ. ಗೋಡೆಯ ಮೇಲೆ ನಿಂತು ಅಡ್ಡಕ್ಕೆ ಎಸೆದರೂ ಅಲ್ಲೇ ಬೀಳುತ್ತದೆ. ಹೊರಗಿನ ನೆಲದಿಂದ ಎಸೆದದ್ದಾದರೆ ನೆತ್ತಿಯೇ ಅದರ ತುತ್ತತುದಿ. ಏರಲು ಹಿಡಿದಷ್ಟೇ ಹೊತ್ತು ಇಳಿಯಲೂ ಬೇಕು, ನಡಿಗೆ ಒಂದೇ. ಹಾಗಾದರೆ ಗೋಡೆಯಿಂದ ಅರವತ್ತು ಹೆಜ್ಜೆ ಹೊರಗೆ. ಎರಡರಲ್ಲಿ ಯಾವುದೆಂದು ಲೆಕ್ಕ ಹೇಳದು."

"ಗೋಡೆಯ ಮೇಲೆ ಎಂದನಲ್ಲ, ಸಾಕು!" ಎಂದು ಮಂತ್ರಿ ಎದ್ದ. "ಒಗಟು ಗೆದ್ದ. ಹಳ್ಳಿ ಬರೆಯಿರಿ."

ದುರುಗ ಅಲ್ಲಿಗೇ ಸುಮ್ಮನಿದ್ದರೆ ಆಗುತ್ತಿತ್ತು. ಇನ್ನು ಅವನನ್ನು ಯಾರೂ ಏನೂ ಕೇಳುವವರಿರಲಿಲ್ಲ.

"ಲೆಕ್ಕ ಹೇಳದು," ಎಂದ ದುರುಗ. "ನಾನು ಹೇಳುತ್ತೇನೆ. ಅರವತ್ತು ಹೆಜ್ಜೆ ಹೊರಗಿರುವುದು ನನ್ನ ಜೋಳದ ಹೊಲ. ಕವಣೆ ನನ್ನದು. ಮಣ್ಣುಂಡೆ ಇರಲಿಲ್ಲವೆಂದು ಕಲ್ಲು ಹಾಕಿದೆ. ವರ ಉಂಟೆಂದರೆ ಮಂಚೋಜಣ್ಣನನ್ನೂ ಆ ಇಬ್ಬರನ್ನೂ ಬಿಟ್ಟುಬಿಡಿ."

ಹೊನ್ನಲೆ ಪೀಠದಿಂದ ಇಳಿದು ಅವನೆದುರು ಬಂದಳು.

"ನಿನಗಾಗಿ ಏನೂ ಬೇಡಲಿಲ್ಲ."

"ಬೇಡುವ ಮುಖ ಇಲ್ಲ, ತಾಯಿ."

"ಅಪ್ಪನ ಮಾತು ಮಾತೇ. ಹನ್ನೆರಡು ಹಳ್ಳಿಯೂ ನಿನ್ನವು, ತಲೆಯೂ ನಿನ್ನದೇ. ದ್ಯಾವಮ್ಮನಿಗೆ ಸೊಸೆಯಿದ್ದಾಳೆ, ಎರಡು ಹಸುಗೂಸುಗಳು. ವರುಷ ವರುಷವೂ ಮೊದಲ ರಾಶಿಯನ್ನು ನೀನೇ ಹೊತ್ತು ಆ ಮನೆಗೆ ಹಾಕು. ಆಳು ಕಳಿಸಕೂಡದು. ಅವಳು ಬಾಗಿಲು ಹಾಕಿಕೊಂಡರೆ ತೆಗೆಯುವ ತನಕ ನಿಂತಿರು."

ದುರುಗ ನೆಲಕ್ಕೆ ಹಣೆ ಮುಟ್ಟಿಸಿದ. ತಲೆ ಹೋಗಿದ್ದರೆ ಹಗುರವಾಗುತ್ತಿತ್ತು ಅನಿಸಿತು.

ಸೆರೆಮನೆಯ ಬಾಗಿಲಲ್ಲಿ ಮಂಚೋಜ ಬೆಳಕಿಗೆ ಕಣ್ಣು ಕಿರಿದು ಮಾಡಿ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಒಗಟು ಬಿಡಿಸಿದವನು ನೀನೇ ಏನೋ? ಹನ್ನೊಂದು ದಿನ ಬೇಕಾಯಿತೇ ಅದಕ್ಕೆ?"

"ಇಲ್ಲಣ್ಣ," ಎಂದ ದುರುಗ. "ಒಗಟಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ."