ಭರಮ ಹುಡುಕಿ ತಂದ ಮಾತು

ನಗೋರು ನಗ್ರಿ, ಆದರೆ ದುಂಡವ್ವನ ಎದುರಿಗೆ ನಗಬೇಡಿ. ಅವಳ ಕೈಯಲ್ಲಿ ಸೂಜಿ ಇದೆ.

ದುಂಡವ್ವ ಕೌದಿ ಹೊಲಿಯುವವಳು. ಹಳೇ ಸೀರೆ, ಹಳೇ ಧೋತರ ಪದರ ಪದರವಾಗಿ ಹಾಸಿ ಅವಳು ಟಾಕು ಹಾಕಿದ ಕೌದಿ ಮೂರು ತಲೆಮಾರಿಗೆ ಬರುತ್ತದೆ. ಅವಳಿಗೊಬ್ಬ ಮಗ, ಭರಮ. ಮೂವತ್ತು ವರ್ಷದ ಆಳು, ಎತ್ತರ ಬಾಗಿಲಷ್ಟು, ಬುದ್ಧಿ ಹೊಸ್ತಿಲಷ್ಟು. "ಹಾಲು ಉಕ್ಕಿದ್ರ ಹೇಳು" ಅಂದರೆ ಪಕ್ಕದಲ್ಲೇ ಕೂತು, ಪೂರ್ತಿ ಉಕ್ಕಿ ಒಲೆ ಆರಿದ ಮೇಲೆ, "ಅವ್ವಾ, ಉಕ್ಕಿತು" ಅನ್ನುವವ. ಆದರೂ ಮನೆಯಲ್ಲಿ ಅಕ್ಷರ ಬರುವುದು ಅವನೊಬ್ಬನಿಗೇ. ಏನು ಮಾಡುತ್ತಾಳೆ?

ಒಂದು ದಿನ ಚಾದರದ ಅಂಗಡಿಯ ಅಡಿವೆಪ್ಪ ಬಂದು ಹೊಸ್ತಿಲಲ್ಲಿ ನಿಂತ. "ದುಂಡವ್ವಾ, ಕೌದಿ ಕಾಲ ಮುಗೀತು. ನನ್ನ ಮಿಲ್ಲಿನ ಚಾದರಕ್ಕ ಅಂಚು ಹೊಲಿ."

"ಸಾಯೂತನಕ ಮಿಲ್ಲಿನ ಬಟ್ಟಿಗೆ ಸೂಜಿ ಹಾಕಂಗಿಲ್ಲ!"

"ಹಂಗಾರ ಬರೂ ಅಮಾಸಿಯೊಳಗ ಹತ್ತು ಮಂದಿ ಕೌದಿ ಬೇಕಂತ ನಿನ್ನ ಹುಡುಕ್ಕೊಂಡು ಬರ್ಲಿ. ಬಂದ್ರ ನಾ ಈ ಓಣಿಗೆ ಕಾಲಿಡಂಗಿಲ್ಲ. ಬರ್ಲಿಲ್ಲಂದ್ರ ಅಂಚು ಹೊಲಿ."

"ಹೊಲೀತೀನಿ, ಹೋಗು!" ಅಂದುಬಿಟ್ಟಳು ದುಂಡವ್ವ. ಅಂದ ಮಾತು ಅಂದಂತೆ ಆಯಿತು.

ಅವಳು ಕೌದಿ ಹೊಲಿಯುವ ವಿಡಿಯೋಗಳು ಫೋನಿನಲ್ಲಿ ಏರಿ ಕೂತಿದ್ದವು. ಶುರುವಿಗೇ ತನ್ನ ನಂಬರು ಹೇಳಿ ಆಮೇಲೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಆದರೆ ಯಾರಾದರೂ ನೋಡಿದ್ದು ನಾಲ್ಕೇ ಸಲ, ಅದರಲ್ಲಿ ಮೂರು ಸಲ ಭರಮನೇ. ರಿಚಾರ್ಜ್ ಅಂಗಡಿಯ ರೇಶ್ಮಾ ಹೇಳಿದಳು, "ಅಕ್ಕಾ, 'ದುಂಡವ್ವ' ಅಂತ ಹೆಸರಿಟ್ರ ನಿನ್ನ ಯಾರು ಬಲ್ಲರು? ಜನ ಏನಂತ ಹುಡುಕ್ತಾರೋ ಆ ಮಾತು ವಿಡಿಯೋದ ಹೆಸರಿನಾಗ ಇರಬೇಕು."

ದುಂಡವ್ವ ಮಗನನ್ನು ಕರೆದಳು. "ಭರಮಾ, ಜನ ಏನೇನು ಹುಡುಕ್ತಾರ ತಿಳ್ಕೊಂಡು ಬಂದು ವಿಡಿಯೋಕ್ಕ ಹೆಸರಿಡು. ಒಂದೂ ಬಿಡಬ್ಯಾಡ!"

"ಹೂಂ ಅವ್ವಾ!"

ಭರಮ ಬಸ್ ನಿಲ್ದಾಣಕ್ಕೆ ಹೋದ. ಕಂಡಕಂಡವರನ್ನೆಲ್ಲ ಕೇಳಿದ, "ಏನು ಹುಡುಕಾಕತ್ತೀರಿ?" ಒಂದೂ ಬಿಡದೆ ಬರೆದ. ವಿಡಿಯೋಕ್ಕೆ ಹೆಸರಾಯಿತು: "ಕಪ್ಪು ಆಡು, ಟ್ರಂಕಿನ ಕೀಲಿಕೈ, ತಂಗಿಗೆ ವರ, ಒಂದು ಕಾಲಿನ ಚಪ್ಪಲಿ."

ಆಡು ಕಳೆದುಕೊಂಡ ಮುದುಕನೊಬ್ಬ ವಿಡಿಯೋ ಪೂರ್ತಿ ನೋಡಿ ಮನೆಗೇ ಬಂದ. "ತಾಸೊತ್ತು ನೋಡೀನವ್ವ, ಆಡು ಎಲ್ಲಿ ಮುಚ್ಚಿಟ್ಟಿ?"

ದುಂಡವ್ವ ಹಣೆ ಹಣೆ ಬಡಿದುಕೊಂಡಳು. "ಏ ಖೋಡಿ! ಆಡು ಹುಡುಕೋರು ನಮಗ ಯಾಕ? ವಿಡಿಯೋದಾಗ ಏನು ಕಾಣತೈತೋ ಅದನ್ನ ಬರಿ!"

"ಹೂಂ ಅವ್ವಾ!"

ಮುಂದಿನ ವಿಡಿಯೋಕ್ಕೆ ಭರಮ ಕಂಡದ್ದನ್ನು ಬರೆದ: "ಅವ್ವನ ಮೂಗು, ಬಿರುಕು ಗೋಡೆ, ಗೋಡೆ ಮ್ಯಾಲ ಹಲ್ಲಿ." ಅಬ್ಬಬ್ಬಾ, ಜನವೋ ಜನ! ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ದುಂಡವ್ವ ಹಿಗ್ಗಿ ಎತ್ತಿದಳು.

"ಅಮ್ಮಾ, ಹಲ್ಲಿ ಬಲಕ್ಕ ಲೊಚಗುಟ್ಟಿತೋ ಎಡಕ್ಕೋ? ಫಲ ಏನು?"

ಎಲ್ಲರದೂ ಅದೇ ಹಲ್ಲಿ! ಕೌದಿಯ ಮಾತೆತ್ತಿದವರು ಒಬ್ಬರೂ ಇಲ್ಲ. ಅಮಾಸೆಗೆ ಇನ್ನು ಒಂಬತ್ತೇ ದಿನ. ದುಂಡವ್ವನಿಗೆ ಅಳು ಬಂತು, ಅಳಲಿಲ್ಲ. ಮತ್ತೆ ರೇಶ್ಮಾಳ ಹತ್ತಿರ ಹೋಗಿ ಬಂದಳು.

"ಕೇಳೋ ಪೆದ್ದಾ. ಎಲ್ಲಾರೂ ಬರಿಯೂ ಮಾತು ಬರದ್ರ ಸಂತ್ಯಾಗ ಕೂಗಿದಂಗ, ಯಾರಿಗೂ ಕೇಳಂಗಿಲ್ಲ. ಬ್ಯಾರೆ ಯಾರೂ ಬರೀದ ಮಾತು ಹುಡುಕು!"

"ಹೂಂ ಅವ್ವಾ!"

ಭರಮ ಎರಡು ದಿನ ಉಣ್ಣಲಿಲ್ಲ, ಸರಿಯಾಗಿ ಮಲಗಲಿಲ್ಲ. ಬರೆಯುವುದು, ಹುಡುಕಿ ನೋಡುವುದು, ಅಳಿಸುವುದು. ಮೂರನೇ ದಿನ ಕುಣಿಯುತ್ತ ಬಂದ. "ಅವ್ವಾ, ಸಿಕ್ಕಿತು! ಜಗತ್ತಿನಾಗ ಯಾರೂ ಬರದಿಲ್ಲ! ಹುಡುಕಿದ್ರ ಮೊದಲು ನಾವ, ಕಡೀಗೂ ನಾವ!"

"ಏನು ಮಾತೋ ಅದು?"

"ಢಬುಗುಂಟಿಮಿಕ್ಕು!"

"ಹಂಗಂದ್ರೇನೋ?"

"ಯಾರಿಗೊತ್ತು? ಅದಕ್ಕ ಯಾರೂ ಬರದಿಲ್ಲ!"

ದುಂಡವ್ವ ಬಟ್ಟೆ ಅಳೆಯುವ ಗಜಕಡ್ಡಿ ಎತ್ತಿಕೊಂಡಳು, ಭರಮ ಓಡಿದ. ಅವಳು ಅಂಗಳದಲ್ಲಿ ನಿಂತು ಕೂಗಿದಳು. "ಜನ ಆಡೂ ಮಾತು ಬೇಕೋ! ಮನುಷ್ಯಾರ ಬಾಯಾಗಿಂದ ಬಂದ ಪೂರಾ ಮಾತು! ಒಂದಕ್ಷರ ಬದಲ ಮಾಡಬ್ಯಾಡ!"

"ಹೂಂ ಅವ್ವಾ!" ಬೇಲಿಯಾಚೆಯಿಂದ ಉತ್ತರ ಬಂತು.

ಅಷ್ಟರಲ್ಲಿ ಅಡಿವೆಪ್ಪ ಬಂದ, ಹಲ್ಲು ಬಿಡುತ್ತ. "ಎಷ್ಟು ಮಂದಿ ಬಂದ್ರು ದುಂಡವ್ವಾ? ಹಲ್ಲಿ ಬಿಟ್ಟು? ಅವ್ವ ಸತ್ತ ಮ್ಯಾಲ ಟ್ರಂಕಿನಾಗ ಉಳದ ಹಳೇ ಸೀರಿ ಏನು ಮಾಡಬೇಕು? ಒಲಿಗೆ ಹಾಕಬೇಕು! ಕೌದಿ ಹೊಲಿಸ್ತಾರೇನ, ಮುದುಕಿ?"

ಮನುಷ್ಯನ ಬಾಯಿಂದ ಪೂರಾ ಮಾತು ಬಂತು. ಭರಮ ಬೇಲಿಯಾಚೆ ಕೂತು ಒಂದಕ್ಷರ ಬಿಡದೆ ಬರೆದ, 'ಮುದುಕಿ'ಯನ್ನೂ ಸೇರಿಸಿ ವಿಡಿಯೋಕ್ಕೆ ಹೆಸರಿಟ್ಟ.

ಸಂಜೆ ಓದಿಸಿ ಕೇಳಿದ ದುಂಡವ್ವ ಕೆಂಡವಾದಳು. "ನನ್ನ ಬೈದದ್ದನ್ನ ನನಗ ಹೆಸರಿಟ್ಯಾ? ಅಳಿಸು!"

"ಒಂದಕ್ಷರ ಬದಲ ಮಾಡಬ್ಯಾಡ ಅಂದಿ. ಮಾಡಂಗಿಲ್ಲ!" ಭರಮ ಹುಟ್ಟಿದಾಗಿನಿಂದ ಮೊದಲ ಸಲ ತಾಯಿಗೆ ಎದುರಾಡಿದ. ಅಂದದ್ದೂ ತಾಯಿಯ ಮಾತನ್ನೇ.

ಮರುದಿನ ಬೆಳಿಗ್ಗೆ ಫೋನು ಬಂತು. ದೂರದೂರಿನ ಹೆಂಗಸು. "ಅವ್ವ ಸತ್ತು ಮೂರು ವರ್ಷ ಆತ್ರಿ. ಆಕಿ ಸೀರಿ ಏನು ಮಾಡಬೇಕಂತ ಫೋನಿನಾಗ ಹುಡುಕಿದೆ, ನಿಮ್ಮ ಕೌದಿ ಬಂತು. ಹೊಲೀತೀರೇನ್ರಿ? ಹೊಚ್ಕೊಂಡು ಮಲಗಬೇಕು ನಾ."

ದುಂಡವ್ವ ಈಗ ಅತ್ತಳು, ಮುಚ್ಚಿಡಲಿಲ್ಲ. ಸಂಜೆಗೆ ಇನ್ನೊಂದು ಫೋನು, ಮರುದಿನ ಮತ್ತೆರಡು. ಮೊದಲಿನವಳ ಸೀರೆಗಳು ಬಸ್ಸಿನ ಮೇಲೆ ಬಂದೇಬಿಟ್ಟವು. ದುಂಡವ್ವ ಫೋನನ್ನು ಕಣ್ಣಿಗೊತ್ತಿಕೊಂಡಳು. "ಇನ್ನ ನಮ್ಮ ಮನೀಗೆ ಅನ್ನ ಹಾಕೂದು ಇದ, ಭರಮಾ!"

ಅಮಾಸೆ ಬಂತು. ಮೊದಲ ಕೌದಿ ಮುಗಿಯಿತು, ಒಂದು ಮೂಲೆ ಮಾತ್ರ ಬಾಕಿ. ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಕಳಿಸಬಾರದು ಅನ್ನುವುದು ಪದ್ಧತಿ. ಕಡೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಬಾಯಿ ಹೊಲಿಯಬೇಕು. ಹೊಲಿದ ಮೇಲೆ ಮತ್ತೆ ಬಿಚ್ಚಬಾರದು. ದುಂಡವ್ವ ನೀರಿಗೆ ಹೊರಟವಳು ಹೇಳಿದಳು, "ನಮ್ಮ ಮನೀಗೆ ಅನ್ನ ಹಾಕೂದನ್ನ ಕೌದಿ ಹೊಟ್ಟ್ಯಾಗಿಟ್ಟು ಹೊಲಿ!"

"ಹೂಂ ಅವ್ವಾ!"

ಅವಳು ಕೊಡ ಇಳಿಸುವ ಹೊತ್ತಿಗೆ ಅಡಿವೆಪ್ಪ ಚಾದರದ ಗಂಟು ಹೊರಿಸಿಕೊಂಡು ಬಂದಿದ್ದ. "ಎಷ್ಟಾತು?"

"ಒಂಬತ್ತು."

"ಹತ್ತಂದಿದ್ದೆ!" ಗಂಟು ಧೊಪ್ಪನೆ ಬಿತ್ತು. "ಸೂಜಿ ತಗಿ."

ದುಂಡವ್ವ ಕದಲಲಿಲ್ಲ. "ಹೊತ್ತು ಇನ್ನೂ ಮುಳುಗಿಲ್ಲ. ಭರಮಾ, ಫೋನು ತಾ!"

ಭರಮ ಬಗಲಲ್ಲಿದ್ದ ಕೌದಿಯನ್ನು ಇನ್ನಷ್ಟು ಅವುಚಿಕೊಂಡ. ಆಗ ಕೌದಿ ಟ್ರಿಣ್ ಟ್ರಿಣ್ ಅಂತು! ಅಡಿವೆಪ್ಪ ಮೂರು ಹೆಜ್ಜೆ ಹಿಂದೆ ಹಾರಿದ.

"ಎಲ್ಲಿಟ್ಯೋ ಫೋನು?"

"ಅನ್ನ ಹಾಕೂದನ್ನ ಹೊಟ್ಟ್ಯಾಗಿಡು ಅಂದಿ, ಇಟ್ಟೀನಿ. ರೊಟ್ಟಿ ನಾ ತಿಂದೆ."

"ಬಿಚ್ಚು, ಬಿಚ್ಚು! ಹತ್ತನೇದು ಹೌದೋ ಅಲ್ಲೋ ನೋಡೂಣು!" ಅಂತ ಅಡಿವೆಪ್ಪ ಕೈ ಹಾಕಿದ. ದುಂಡವ್ವ ಆ ಕೈಯನ್ನು ಗಜಕಡ್ಡಿಯಿಂದ ಬಡಿದಳು.

"ಹೊಲಿದ ಕೌದಿ ಬಾಯಿ ಬಿಚ್ಚಂಗಿಲ್ಲ! ಕೌದಿ ಹೊಲಿಸ್ತಾರೇನ ಅಂತ ಕೇಳಿದ್ಯಲ್ಲ, ಕಿವಿಗೊಟ್ಟು ಕೇಳು! ನಿನ್ನ ಗಂಟು ಎತ್ತು!"

ಕೌದಿ ಬಡಿದುಕೊಳ್ಳುತ್ತಲೇ ಇತ್ತು. ಒಂದು ನಿಂತರೆ ಇನ್ನೊಂದು. ಅಡಿವೆಪ್ಪ ಗಂಟು ಹೊರಿಸಿಕೊಂಡು ಓಣಿ ದಾಟುವವರೆಗೂ ಅದು ಸುಮ್ಮನಾಗಲಿಲ್ಲ.

ಭರಮ ಮಾತ್ರ ಕೌದಿಯ ಮೂಲೆಗೆ ಬಾಯಿ ಹಚ್ಚಿ ಗಟ್ಟಿಯಾಗಿ ಕೂಗುತ್ತಿದ್ದ, "ಸ್ವಲ್ಪ ತಡೀರಿ! ಕೌದಿ ಊಟಕ್ಕ ಕುಂತೈತಿ!"