ಸಾಕು ಎಂದವರ ಪಂಕ್ತಿ

"ಬುದ್ಧೀ, ಲೋಕದ ದೇಶಗಳ ಪೈಪೋಟಿಯ ಬಲ ಅಳೆದು, ಅವನ್ನು ಸಾಲಾಗಿ ನಿಲ್ಲಿಸುವ ಪಟ್ಟಿಯೊಂದು ವರ್ಷಕ್ಕೊಮ್ಮೆ ಬರುತ್ತದೆ. ಅದರಲ್ಲಿ ನಮ್ಮ ದೇಶ ತೀರ ಕೆಳಗಿದೆ. ಮೇಲಿರುವವರ ಕಾಯಿದೆಗಳನ್ನೇ ನಾವೂ ತಂದರೆ ಮೇಲೇರುತ್ತೇವಲ್ಲವೇ?"

ಗುರುಗಳನ್ನು ಹೀಗೆ ಕೇಳಿದವನು ಮರುಳಯ್ಯ. ಅವರ ಮಠದಲ್ಲೇ ಓದಿ ಬೆಳೆದವನು, ಈಗ ರಾಜಧಾನಿಯಲ್ಲಿ ಮಂತ್ರಿಗಳಿಗೆ ಹಣಕಾಸಿನ ಸಲಹೆ ಕೊಡುವವನು. ಹೊಸ ಕಾಯಿದೆಗಳ ಕರಡು ಅವನ ತೊಡೆಯ ಮೇಲಿತ್ತು. ಮಾರನೆಯ ದಿನ ಅದನ್ನು ಮಂತ್ರಿಗಳಿಗೆ ಒಪ್ಪಿಸಬೇಕಿತ್ತು. ಗುರುಗಳು ಕರಡನ್ನು ಮುಟ್ಟಲಿಲ್ಲ. ಕತೆ ಹೇಳಿದರು.

ಒಂದು ರಾಜ್ಯದಲ್ಲಿ ದಾರಿಹೋಕರಿಗೆ ಅನ್ನ ಹಾಕುವ ಛತ್ರಗಳಿದ್ದವು. ಯಾವ ಛತ್ರ ಮೇಲು ಎಂದು ತಿಳಿಯಲು ಅರಸ ಪರದೇಶದ ಪಂಡಿತನೊಬ್ಬನನ್ನು ಕರೆಸಿದ. ಪಂಡಿತ ಪ್ರಾಮಾಣಿಕ. ಆದರೆ ನಾಡಿನ ಮಾತು ಬಾರದು. 'ಸಾಕು' ಎಂಬ ಒಂದೇ ಪದ ಕಲಿತ. ಉಣ್ಣುವವರು ಎಲ್ಲಿ ಬೇಗ ಸಾಕು ಎನ್ನುತ್ತಾರೋ ಅಲ್ಲಿ ಹೊಟ್ಟೆ ಬೇಗ ತುಂಬುತ್ತದೆ ಎಂದು ಲೆಕ್ಕ ಹಾಕಿ, ಛತ್ರಗಳನ್ನು ಸಾಲಾಗಿ ನಿಲ್ಲಿಸಿದ. ಕೊನೆಯ ಛತ್ರದ ಮೇಲ್ವಿಚಾರಕ ಇನ್ನೊಂದು ವರ್ಷದಲ್ಲಿ ಮೇಲೇರದಿದ್ದರೆ ಅವನನ್ನು ತೆಗೆದುಹಾಕುವುದಾಗಿ ಅರಸ ಸಾರಿದ.

ಆ ಮೇಲ್ವಿಚಾರಕ ಒಳ್ಳೆಯ ಮನುಷ್ಯ. ಅವನ ಛತ್ರದಲ್ಲಿ ಬಡಿಸುವವರು ಎಲೆಯ ಮುಂದೆ ಬಗ್ಗಿ, ಇನ್ನೊಂದು ತುತ್ತು ಎಂದು ಉಪಚಾರ ಮಾಡುತ್ತಿದ್ದರು. ಅಂಥ ಊಟಕ್ಕೆ ಯಾರು ಬೇಗ ಸಾಕು ಎಂದಾರು? ಪಾಪ, ಅವನಿಗೆ ಅದು ಹೊಳೆಯಲಿಲ್ಲ. ಊರಿನ ಮಾನ ಹೋಯಿತೆಂದು ಕಂಗಾಲಾದ. ನೀರಿನ ಹಂಡೆಗಳಿಗೆ ಮುಚ್ಚಳವಿಲ್ಲ ಎಂದೂ ಪಂಡಿತ ಸನ್ನೆಯಲ್ಲಿ ತೋರಿಸಿದ್ದ. ಅದು ನಿಜವಾಗಿತ್ತು. ಮುಚ್ಚಳ ಮಾಡಿಸಿದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಅವನು ಮೊದಲ ಸ್ಥಾನದ ಛತ್ರವನ್ನು ನೋಡಲು ಹೋದ. ಉಣ್ಣಲು ಕೂರಲಿಲ್ಲ. ಬಾಗಿಲಲ್ಲಿ ನಿಂತು ಕಿವಿಗೊಟ್ಟ. ಎಲೆಗೆ ಅನ್ನ ಬೀಳುತ್ತಲೇ ಪಂಕ್ತಿಯ ಉದ್ದಕ್ಕೂ ಸಾಕು, ಸಾಕು. ಬಡಿಸುವವರು ಯಾರ ಮುಖವನ್ನೂ ನೋಡದೆ ಓಡುತ್ತಿದ್ದರು. ಸಾರು ನೀರಾಗಿತ್ತು. ಇದೇ ಗುಟ್ಟು ಎಂದುಕೊಂಡು ಬಂದು, ತನ್ನ ಛತ್ರದಲ್ಲೂ ಹಾಗೆಯೇ ಮಾಡಿಸಿದ. ಪಂಡಿತ ಮತ್ತೆ ಬಂದ, ಕೇಳಿದ, ಈ ಸಲ ನೀನೇ ಮೊದಲು ಎಂದು ಒಂದು ಬೆರಳೆತ್ತಿ ತೋರಿಸಿ, ಬೆನ್ನು ತಟ್ಟಿ ಹೋದ. ಮೇಲ್ವಿಚಾರಕನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು.

ಅದೇ ಖುಷಿಯಲ್ಲಿ ಹಿತ್ತಲಿಗೆ ಹೋದ. ಆಗಷ್ಟೇ ಪಂಕ್ತಿಯಿಂದ ಎದ್ದ ಬಸುರಿ ಹೆಂಗಸೊಬ್ಬಳು ಗೋಡೆಗೊರಗಿ ಕೂತು, ಗಂಟು ಬಿಚ್ಚಿ ಒಣ ಅವಲಕ್ಕಿ ತಿನ್ನುತ್ತಿದ್ದಳು.

"ಏನವ್ವಾ, ಈಗ ತಾನೇ ಸಾಕು ಅಂದೆಯಲ್ಲ?"

"ಸಾಕು ಅಂದೆ ಕಣಣ್ಣ. ತುಂಬಿತು ಅಂದೆನಾ?"

ಹುಟ್ಟಿದಾಗಿನಿಂದ ಆಡಿದ ಮಾತನ್ನು ಪರದೇಶದವನ ಕಿವಿಯಿಂದ ಕೇಳಿಬಿಟ್ಟೆನಲ್ಲ ಎಂದು ಅವನು ನಾಚಿದ. ಕೆಲಸ ಹೋದರೆ ಹೋಗಲಿ ಎಂದು ಅವಳನ್ನು ಒಳಗೆ ಕರೆದು, ತಾನೇ ಎಲೆ ಹಾಕಿ, ಬಗ್ಗಿ ಬಡಿಸಿದ. ಅಂದಿನಿಂದ ಛತ್ರದಲ್ಲಿ ಮತ್ತೆ ಹಳೆಯ ಉಪಚಾರ, ಮೊದಲಿನಂತೆ ಗಟ್ಟಿ ಸಾರು. ಹಂಡೆಗಳ ಮುಚ್ಚಳ ಮಾತ್ರ ತೆಗೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಅವನ ಕೆಲಸ ಉಳಿಯಿತೇ, ಬುದ್ಧೀ?"

"ಉಳಿಯಲಿಲ್ಲ."

ಮರುಳಯ್ಯ ತೊಡೆಯ ಮೇಲಿನ ಕರಡನ್ನು ನೋಡಿದ. ಅದನ್ನು ಬರೆಯುವಾಗ ಮೇಲಿನ ದೇಶಗಳ ಕಾಯಿದೆಗಳನ್ನೆಲ್ಲ ಓದಿದ್ದ. ಆ ಕಾಯಿದೆಗಳ ಕೆಳಗೆ ಬಾಳುವ ಒಬ್ಬರನ್ನೂ ಮಾತಾಡಿಸಿರಲಿಲ್ಲ. ಅವನಿಗೆ ಅಲ್ಲಿ ಕೂರಲಾಗಲಿಲ್ಲ. ಎದ್ದು ಕೈಮುಗಿದ.

"ಸಾಕು, ಬುದ್ಧೀ."

ಗುರುಗಳು ಕೇಳಿದರು: "ಯಾವ ಸಾಕು, ಮಗು?"